ಉದ್ರಿ ಪುಸ್ತಕ

ಶಟರಿಗೆ ಯಾರೋ ನಾಣ್ಯದಿಂದ ಬಡಿಯುತ್ತಿದ್ದಾರೆ.
ಟಕ್. ಟಕ್ ಟಕ್.
ನೂರು ಫಿಲ್ಸಿನದು, ಸದ್ದಿನಲ್ಲೇ ಗೊತ್ತು ನನಗೆ;
ಹದಿನಾರು ವರ್ಷ ಈ ಸದ್ದಿಗೇ ಎದ್ದು
ಈ ಸದ್ದು ನಿಂತ ಮೇಲೆ ಮಲಗಿದವನು.

ಮೊಟ್ಟೆಯೋ, ಸಿಗರೇಟೋ, ಖುಬ್ಬೂಸೋ,
ಮೂಲೆಯಲ್ಲಿ ಕೋಯಾಕನ ಕೋಲ್ಡ್ ಸ್ಟೋರ್ ತೆರೆದೇ ಇದೆ.
ಹೋಗಲಿ.
ಮಗ್ರಿಬಿನಿಂದ ಇಶಾದವರೆಗೆ ಈ ಬಾಗಿಲು ಏಳುವುದಿಲ್ಲವೆಂದು
ಮುಹರ್ರಕ್ಕಿನ ಈ ಗಲ್ಲಿಗೆಲ್ಲ ಗೊತ್ತು.
ಮರೆಯುವವರು ಮರೆಯುತ್ತಾರೆ.

ಮೊದಲು ಹೀಗಿರಲಿಲ್ಲ.
ಬಾಂಗ್ ಮುಗಿಯುತ್ತಲೇ ಗಲ್ಲಾದ ಹಿಂದೆ
ಅಕ್ಕಿಚೀಲ ಹಾಸಿ ಅವಸರದ ಮೂರು ರಕಾತ್,
ಸುಜೂದಿನಲ್ಲೂ ಒಂದು ಕಿವಿ ಗಿರಾಕಿಯ ಚಪ್ಪಲಿಗೆ.
ರಿಫಾದಲ್ಲಿ ಎರಡನೆಯ ಅಂಗಡಿ ಹಿಡಿದೆ.
ಊರಲ್ಲಿ ಹತ್ತು ಸೆಂಟ್ಸು, ಮತ್ತೆ ಹತ್ತು ಸೆಂಟ್ಸು.
ಒಂದು ಬಿಳಿ ಪಜೇರೋ, ಸೆಕೆಂಡ್ ಹ್ಯಾಂಡು:
ಎರಡು ಬೇಸಿಗೆಗೆ ಅದರ ಡ್ಯಾಶ್‌ಬೋರ್ಡು ಸೀಳಿತು.
ರಿಫಾದ ಬೋರ್ಡಿನಲ್ಲಿ ಈಗ ಬೇರೆಯವರ ಹೆಸರು.

ಆಮೇಲೆ ವೀಸಾ ಆಗಿ ಬಂದರು ಮಿಸ್ರಿಯಾ, ಹನ್ನತ್.
ಸೂಟ್‌ಕೇಸಿನಲ್ಲಿ ಕುಚ್ಚಲಕ್ಕಿ, ಒಣಮೀನು,
ಜೊತೆಗೆ ಫೋನಿನಲ್ಲಿ ಅಳೆಯಲಾಗದಿದ್ದ
ಏಳು ವರ್ಷದ ಎತ್ತರ.

ಗಲ್ಲಾದ ಬದಿಗೆ ನೂಲು ಕಟ್ಟಿ ತೂಗಿಸಿದ ಉದ್ರಿ ಪುಸ್ತಕ.
ಕನ್ನಡದಲ್ಲಿ ಬರೆಯುತ್ತೇನೆ, ಬೇರೆ ಯಾರೂ ಓದದಿರಲೆಂದು.
ಮೂರನೇ ಮಾಳಿಗೆಯ ನರ್ಸು: ಹಾಲಿನ ಟಿನ್ನು ಎರಡು.
ಗಾರೆ ಕೆಲಸದ ಸಿಲ್ಹೆಟಿನವ: ಫೋನ್ ಕಾರ್ಡು.
ದೋಣಿಯ ಮುದುಕ ಬೂ ರಾಶಿದ್: ಐಸು, ಐಸು, ಐಸು.
ಹನ್ನತ್ ಒಂದೊಂದೇ ಅಕ್ಷರ ಕೂಡಿಸಿ ಓದಿದಳು.
ಕೊನೆಯ ಹಾಳೆಗೆ ಬಂದು,
"ಉಪ್ಪಾ, ನಮ್ಮ ಹಾಳೆ ಎಲ್ಲಿದೆ?"

"ನಮ್ಮದಿಲ್ಲ ಮಗಳೇ, ನಾವು ಯಾರ ಬಾಕಿಯೂ ಇಟ್ಟವರಲ್ಲ"
ಎಂದೆ, ಎದೆಯುಬ್ಬಿಸಿ.
ಕೊತ್ತಂಬರಿ ಸೊಪ್ಪು ಸೋಸುತ್ತಿದ್ದ ಮಿಸ್ರಿಯಾ
ತಲೆಯೆತ್ತಲಿಲ್ಲ.
ಬೇರು ಕತ್ತರಿಸುವ ಕತ್ತರಿ ಮಾತ್ರ
ಒಂದು ಗಳಿಗೆ ನಿಂತು, ಮತ್ತೆ ನಡೆಯಿತು.

ಅಂದೇ ಬದಲಾದೆ ಎಂದರೆ ಸುಳ್ಳು.
ಇನ್ನೂ ಎಂಟು ತಿಂಗಳು ಹಿಡಿಯಿತು.
ಮನುಷ್ಯ ದಡ್ಡ, ವ್ಯಾಪಾರಿಯಾದರೆ ಮಹಾದಡ್ಡ:
ಹೋದ ಫಿಲ್ಸು ಅವನ ಕಣ್ಣಿಗೆ ಬೀಳುತ್ತದೆ,
ಹೋದ ಸಂಜೆ ಬೀಳುವುದಿಲ್ಲ.

ಈಗ ಅಂಗಡಿಯ ಹಿಂದಿನ ಕೋಣೆಯಲ್ಲಿ ಚಾಪೆ.
ಮುಂದೆ ನಾನು, ಬೆನ್ನ ಹಿಂದೆ
ಇಬ್ಬರ ಬಟ್ಟೆಯ ಸರಬರ.
ಸಲಾಂ ಹೇಳಿ ತಿರುಗಿದ ಮೇಲೆ
ಹನ್ನತ್ ಉಸ್ತಾದು, ನಾನು ಶಿಷ್ಯ.
ಆರನೇ ಕ್ಲಾಸಿಗೆ ಶಾಲೆ ಬಿಟ್ಟ,
ಅದಕ್ಕೂ ಮೊದಲೇ ಮದ್ರಸ ಬಿಟ್ಟ ನಾಲಿಗೆ ಇದು.
ನಮ್ಮ ಮನೆಮಾತಿಗೆ ಲ ಒಂದೇ;
ಳ ಎಂಬುದನ್ನು ಸಜಿಪದ ಮೇಷ್ಟ್ರು
ಬೆತ್ತ ಹಿಡಿದು ಕಲಿಸಿದರು.
ಈಗ ದ್ವಾದ್.
"ಹಲ್ಲಿಗಲ್ಲ ಉಪ್ಪಾ, ದವಡೆಯ ಬದಿಗೆ"
ಎಂದು ಕೆನ್ನೆಯನ್ನು ಬೆರಳಲ್ಲಿ ಒತ್ತಿ ತೋರಿಸುತ್ತಾಳೆ.
ಬೆತ್ತವಿಲ್ಲ. ಬರುವುದೂ ಇಲ್ಲ.

ದಿನಕ್ಕೆ ಐದಾರು ದಿನಾರು ಹೋಗುತ್ತದೆ,
ಲೆಕ್ಕ ಇಡುವುದನ್ನೇನೂ ಬಿಟ್ಟಿಲ್ಲ ನಾನು.
ಕೆಲವು ಸಂಜೆ ದುಆಕ್ಕೆ ಎತ್ತಿದ ಅಂಗೈಯಲ್ಲೂ
ಮೊಟ್ಟೆಯ ಟ್ರೇ ಕಾಣುತ್ತದೆ.
ಅಲ್ಲಾಹು ಕ್ಷಮಿಸಲಿ,
ಅವನಿಗೂ ಗೊತ್ತು ನನ್ನ ಕಸುಬು.

ಟಕ್. ಟಕ್ ಟಕ್.
ಇದು ಬೂ ರಾಶಿದನ ಕೈ.
ಬೆಳಕು ಹರಿಯುವ ಮುಂಚೆ ಕಡಲಿಗಿಳಿಯುವವ,
ಐಸಿಗೆ ಬಂದಿರಬೇಕು.
ಅರ್ಧ ಎದ್ದೆ.
ಸಾಲಿನ ಮೇಲಿಟ್ಟ ಬೆರಳನ್ನು ಹನ್ನತ್ ತೆಗೆಯಲಿಲ್ಲ.
ಒಲೆಯ ಬಳಿಯಿಂದ ಮಿಸ್ರಿಯಾ, ಯಾರಿಗೆಂದು ಹೇಳದೆ,
"ಐಸು ಕರಗುವುದು ಹೊರಗೆ ತೆಗೆದ ಮೇಲಲ್ಲವೇ" ಎಂದಳು.

ಕೂತೆ.
ನಾಲಿಗೆಯನ್ನು ದವಡೆಯ ಬದಿಗೆ ಒತ್ತಿ
ಇನ್ನೊಮ್ಮೆ.